ಉಗ್ರಾಣದ ಬೀಗದ ಕೈ

ದೊಡ್ಡ ಸಂಸಾರಗಳಲ್ಲಿ ಉಗ್ರಾಣದ ಬೀಗದ ಕೈ ಒಬ್ಬರ ಸೆರಗಿನಲ್ಲಿಯೇ ಇರುವುದು ವಾಡಿಕೆ. ಆ ಕೈ ಯಾರಲ್ಲಿದೆಯೋ ಅವರ ಮಾತಿಲ್ಲದೆ ಒಂದು ಸೇರು ಅಕ್ಕಿ ಹೊರಕ್ಕೆ ಬಾರದು. ಒಂದು ಮೂಟೆ ರಾಗಿ ಒಳಕ್ಕೆ ಹೋಗದು. ಹೊರಗಿನಿಂದ ನೋಡುವವರಿಗೆ ಇದು ಅಧಿಕಾರದ ಆಸೆಯೆಂದು ತೋರುವುದುಂಟು. ನಿಜವಾಗಿ ನೋಡಿದರೆ ಇದು ಲೆಕ್ಕದ ವಿಚಾರ. ಇಬ್ಬರು ಒಬ್ಬರಿಗೊಬ್ಬರು ಹೇಳದೆ ಕೈಯಿಟ್ಟ ಕಣಜದಲ್ಲಿ ಎಷ್ಟು ಧಾನ್ಯ ಉಳಿದಿದೆಯೆಂಬುದು ಇಬ್ಬರಿಗೂ ತಿಳಿಯದು. ಆದರೆ ಕೈ ಒಬ್ಬರ ಬಳಿಯೇ ಇರುವುದರಲ್ಲಿ ಬೇರೊಂದು ತೊಡಕೂ ಉಂಟು. ಅತ್ತೆಯು ಜ್ವರ ಬಂದು ಮಲಗಿದರೆ ಅಂದಿನ ಅಡಿಗೆಯ ಗತಿಯೇನು? ಆಗ ಸೊಸೆಯು ಕೈಯನ್ನು ತೆಗೆದುಕೊಳ್ಳಲೇಬೇಕಾಗುವುದು. ಎಷ್ಟು ಹೊತ್ತು ಕಾದು ತೆಗೆದುಕೊಳ್ಳಬೇಕು, ಯಾರ ಒಪ್ಪಿಗೆಯಿಂದ ತೆಗೆದುಕೊಳ್ಳಬೇಕು, ಅತ್ತೆ ಎದ್ದು ಬಂದ ಬಳಿಕ ಅದು ಯಾರಲ್ಲಿ ಇರತಕ್ಕದ್ದು ಎಂಬ ಪ್ರಶ್ನೆಗಳಿಗೆ ಉತ್ತರ ಕಾಣಲಾರದೆ ಒಡೆದುಹೋದ ಮನೆಗಳು ಕಡಮೆಯಲ್ಲ.

ಕಂಪ್ಯೂಟರುಗಳಿಂದ ಕೆಲಸ ನಡೆಸುವ ದೊಡ್ಡ ಸಂಸ್ಥೆಗಳಲ್ಲಿ ಇದೇ ಪ್ರಶ್ನೆ ಬೇರೊಂದು ವೇಷದಲ್ಲಿ ಬಂದು ನಿಂತಿದೆ. ಅಲ್ಲಿ ಹತ್ತಾರು ಯಂತ್ರಗಳು ಏಕಕಾಲದಲ್ಲಿ ಕೆಲಸಮಾಡುತ್ತಿರುವುವು. ಆದರೆ ಒಂದು ಬರೆದುದನ್ನು ಇನ್ನೊಂದು ಓದಬೇಕಾದುದರಿಂದ ಅವುಗಳ ಕಡತಗಳೆಲ್ಲ ಒಂದೇ ಉಗ್ರಾಣದಲ್ಲಿ ಇರಬೇಕಾಗುವುದು. ಉಗ್ರಾಣವನ್ನು ಕಾಯುವ ಯಂತ್ರಕ್ಕೆ ಸರ್ವರ್ ಎಂದೂ, ಅಲ್ಲಿಂದ ಕಡತಗಳನ್ನು ಪಡೆಯುವ ಯಂತ್ರಗಳಿಗೆ ಕ್ಲೈಂಟ್ ಎಂದೂ ಹೆಸರು. ದೂರದ ಉಗ್ರಾಣವನ್ನು ಕ್ಲೈಂಟ್ ತನ್ನ ಮನೆಯದೇ ಒಂದು ಕೋಣೆಯೆಂಬಂತೆ ಜೋಡಿಸಿಕೊಳ್ಳುವುದಕ್ಕೆ ಮೌಂಟ್ ಮಾಡುವುದೆಂದು ಹೇಳುವರು. ಒಮ್ಮೆ ಮೌಂಟ್ ಆಯಿತೆಂದರೆ, ಕಡತವು ತನ್ನ ಮೇಜಿನ ಖಾನೆಯಲ್ಲಿದೆಯೋ ಮೂರು ಮಹಡಿ ಕೆಳಗಿದೆಯೋ ಬಳಸುವವನಿಗೆ ತಿಳಿಯುವುದೇ ಇಲ್ಲ. ತಿಳಿಯದಿರುವುದೇ ಆ ಏರ್ಪಾಡಿನ ಸೊಗಸು. ಅದರ ಅಪಾಯವೂ ಅದರಲ್ಲಿಯೇ ಇದೆ.

ಇಂಥ ಏರ್ಪಾಡುಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವುದು ನೆಟ್‌ವರ್ಕ್ ಫೈಲ್ ಸಿಸ್ಟಮ್, ಸಂಕ್ಷೇಪವಾಗಿ ಎನ್‌ಎಫ್‌ಎಸ್. ಅಮೆರಿಕದ ಸನ್ ಮೈಕ್ರೋಸಿಸ್ಟಮ್ಸ್ ಕಂಪನಿಯವರು 1984ರಲ್ಲಿ ಇದನ್ನು ರೂಪಿಸಿದರು. ಮರುವರ್ಷ, ಎಂದರೆ 1985ರಲ್ಲಿ, ರಸೆಲ್ ಸ್ಯಾಂಡ್‌ಬರ್ಗ್ ಮತ್ತು ಅವರ ಸಂಗಡಿಗರು ಇದರ ರಚನೆಯನ್ನು ವಿವರಿಸಿ ಒಂದು ಲೇಖನವನ್ನು ಪ್ರಕಟಿಸಿದರು. ಅದರ ಮೂಲತತ್ತ್ವ ಮೊದಲ ನೋಟಕ್ಕೆ ವಿಚಿತ್ರವಾಗಿಯೇ ಕಾಣುವುದು. ಅದೇನೆಂದರೆ, ಸರ್ವರ್ ತನ್ನ ಕ್ಲೈಂಟುಗಳ ವಿಚಾರವಾಗಿ ಏನನ್ನೂ ನೆನಪಿನಲ್ಲಿ ಇಟ್ಟುಕೊಳ್ಳಬಾರದು. ಕೇಳುವವನು ಪ್ರತಿಸಲವೂ ತನಗೆ ಬೇಕಾದುದನ್ನು ಪೂರ್ತಿಯಾಗಿ ಹೇಳಿ ಕೇಳಬೇಕು: ಇಂಥ ಕಡತ, ಇಂಥ ಸ್ಥಳದಿಂದ, ಇಷ್ಟು ಭಾಗ ಎಂದು. ಹಿಂದಿನ ಸಲ ಏನು ನಡೆಯಿತೆಂಬುದು ಕಾವಲುಗಾರನಿಗೆ ಬೇಡ. ಆದಕಾರಣ ಸರ್ವರ್ ನಡುವೆ ಬಿದ್ದು ಮತ್ತೆ ಎದ್ದರೂ ನಷ್ಟವಿಲ್ಲ. ನೆನಪೇ ಇಲ್ಲದವನಿಗೆ ಮರೆಯುವುದೇನಿದೆ? ಕ್ಲೈಂಟ್ ಅದೇ ಮಾತನ್ನು ಮತ್ತೊಮ್ಮೆ ಕೇಳಿದರಾಯಿತು. ಮರೆವು ಬಲವಾಗಬಹುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಕ್ಕುವುದು ಕಷ್ಟ.

ಆದರೆ ಲೋಕವ್ಯವಹಾರ ಬರಿಯ ಮರೆವಿನಿಂದ ನಡೆಯದು. ಇಬ್ಬರು ಒಂದೇ ಕಡತದಲ್ಲಿ ಒಟ್ಟಿಗೆ ಬರೆಯಲು ಹೊರಟರೆ ಒಬ್ಬನನ್ನು ತಡೆದು ನಿಲ್ಲಿಸಬೇಕು. ತಡೆಯಬೇಕಾದರೆ ಯಾರು ಮೊದಲು ಬಂದರೆಂಬ ನೆನಪು ಬೇಕು. ಈ ಕೆಲಸವನ್ನು ಮೊದಮೊದಲು ಬೇರೊಂದು ವ್ಯವಸ್ಥೆಗೆ ಒಪ್ಪಿಸಿದ್ದರು. 1995ರಲ್ಲಿ ಮೂರನೆಯ ಆವೃತ್ತಿಯ ವಿವರಣೆ ಪ್ರಕಟವಾದಾಗಲೂ ಹೀಗೆಯೇ ಇತ್ತು. 2000ದಲ್ಲಿ ಮೊದಲು ಪ್ರಕಟವಾಗಿ 2003ರಲ್ಲಿ ತಿದ್ದಲ್ಪಟ್ಟ ನಾಲ್ಕನೆಯ ಆವೃತ್ತಿಯಲ್ಲಿ ಮಾತ್ರ ಸರ್ವರ್‌ಗೆ ನೆನಪನ್ನು ಕೊಟ್ಟರು. ಯಾವ ಕ್ಲೈಂಟ್ ಯಾವ ಕಡತವನ್ನು ತೆರೆದಿದೆ, ಯಾವುದಕ್ಕೆ ಬೀಗ ಹಾಕಿಕೊಂಡಿದೆ ಎಂಬುದನ್ನೆಲ್ಲ ಅದು ಈಗ ಬಲ್ಲದು. ನೆನಪು ಬಂದ ಕೂಡಲೇ ಉತ್ತರಾಧಿಕಾರದ ಚಿಂತೆಯೂ ಬಂದಿತು. ಏನನ್ನೂ ನೆನಪಿಡದವನು ಸತ್ತರೆ ಇನ್ನೊಬ್ಬನನ್ನು ತಂದು ಕೂರಿಸಬಹುದು. ಎಲ್ಲವನ್ನೂ ಬಲ್ಲವನು ಸತ್ತರೆ ಅವನು ಬಲ್ಲುದನ್ನು ಮುಂದಿನವನಿಗೆ ದಾಟಿಸುವ ದಾರಿಯನ್ನು ಅವನು ಬದುಕಿರುವಾಗಲೇ ಮಾಡಿರಬೇಕು.

ಒಂದು ಊರಿನ ಆಸ್ಪತ್ರೆಯಲ್ಲಿ ಈ ಕೆಲಸ ಒಬ್ಬ ತರುಣನ ಪಾಲಿಗೆ ಬಂದಿತು. ರೋಗಿಗಳ ಎಕ್ಸ್‌ರೇ ಮುಂತಾದ ಚಿತ್ರಗಳೆಲ್ಲ ಅಲ್ಲಿ ಒಂದೇ ಸರ್ವರ್‌ನಲ್ಲಿ ಸೇರುತ್ತಿದ್ದುವು. ವೈದ್ಯರ ಕೊಠಡಿಗಳಲ್ಲಿದ್ದ ಯಂತ್ರಗಳು ಅದನ್ನು ಮೌಂಟ್ ಮಾಡಿಕೊಂಡಿದ್ದುವು. ಆ ಸರ್ವರ್ ನಿಂತರೆ ಇಡೀ ಆಸ್ಪತ್ರೆ ಕಣ್ಣು ಕಟ್ಟಿದಂತೆ ನಿಲ್ಲುವುದು. ಆದುದರಿಂದ ಎರಡು ಸರ್ವರ್‌ಗಳನ್ನು ಇಟ್ಟು, ಒಂದು ಬಿದ್ದರೆ ಇನ್ನೊಂದು ತಾನಾಗಿಯೇ ಕೆಲಸವನ್ನು ವಹಿಸಿಕೊಳ್ಳುವಂತೆ ಮಾಡಬೇಕೆಂದು ಮೇಲಿನವರು ಅಪ್ಪಣೆ ಮಾಡಿದರು. ಹೀಗೆ ಜೊತೆಗೂಡಿ ಒಂದರ ಹೊಣೆಯನ್ನು ಇನ್ನೊಂದು ಹೊರುವ ಸರ್ವರ್‌ಗಳ ಗುಂಪಿಗೆ ಕ್ಲಸ್ಟರ್ ಎಂದು ಹೆಸರು. ಎರಡು ಯಂತ್ರಗಳನ್ನು ಕೊಂಡು ಪಕ್ಕಪಕ್ಕದಲ್ಲಿ ನಿಲ್ಲಿಸಿದರೆ ಕೆಲಸ ಮುಗಿಯಿತೆಂದು ಮೇಲಿನವರ ಎಣಿಕೆ. ಕೆಲಸ ಅಲ್ಲಿಂದಲೇ ಮೊದಲಾಗುವುದೆಂದು ತರುಣನು ಬಲ್ಲನು.

ಮೊದಲು ಅವನು ಕ್ಲೈಂಟುಗಳ ಕಡೆ ನೋಡಿದನು. ಮೌಂಟ್ ಮಾಡುವುದರಲ್ಲಿ ಎರಡು ಬಗೆಯುಂಟು. ಒಂದಕ್ಕೆ ಹಾರ್ಡ್ ಎಂದೂ ಇನ್ನೊಂದಕ್ಕೆ ಸಾಫ್ಟ್ ಎಂದೂ ಹೆಸರು. ಸಾಫ್ಟ್ ಮೌಂಟ್ ಮಾಡಿದ ಕ್ಲೈಂಟ್, ಸರ್ವರ್ ಉತ್ತರ ಕೊಡದಿದ್ದರೆ ಗೊತ್ತುಮಾಡಿದಷ್ಟು ಸಲ ಕೇಳಿ, ಆಮೇಲೆ ಕೈಚೆಲ್ಲಿ, ಕೆಲಸ ಆಗಲಿಲ್ಲವೆಂದು ತನ್ನಲ್ಲಿ ನಡೆಯುತ್ತಿರುವ ಪ್ರೋಗ್ರಾಮಿಗೆ ಹೇಳಿಬಿಡುವುದು. ಹಾರ್ಡ್ ಮೌಂಟ್ ಮಾಡಿದ ಕ್ಲೈಂಟ್ ಎಂದಿಗೂ ಕೈಚೆಲ್ಲುವುದಿಲ್ಲ. ಲಿನಕ್ಸಿನಲ್ಲಿ ಸಾಮಾನ್ಯವಾಗಿ 60 ಸೆಕೆಂಡು ಉತ್ತರಕ್ಕಾಗಿ ಕಾಯುವುದು. ಬಾರದಿದ್ದರೆ ಮತ್ತೆ ಕೇಳುವುದು. ಸರ್ವರ್ ಉತ್ತರ ಕೊಡುತ್ತಿಲ್ಲ, ಇನ್ನೂ ಪ್ರಯತ್ನ ನಡೆದಿದೆ ಎಂದು ತನ್ನ ದಿನಚರಿಯಲ್ಲಿ ಒಂದು ಸಾಲು ಬರೆದಿಟ್ಟು ಮತ್ತೆ ಕಾಯುವುದು. ಸರ್ವರ್ ಒಂದು ಗಂಟೆಯ ಮೇಲೆ ಬಂದರೂ, ಮರುದಿನ ಬಂದರೂ, ನಿಲ್ಲಿಸಿದಲ್ಲಿಂದಲೇ ಮುಂದುವರಿಸುವುದು. ತಾಳಿದವನು ಬಾಳಿಯಾನು ಎಂಬ ಗಾದೆಯನ್ನು ಯಂತ್ರಕ್ಕೆ ಕಲಿಸಿದರೆ ಅದು ಹೀಗೆ ನಡೆಯುವುದು.

ಆ ಆಸ್ಪತ್ರೆಯ ಯಂತ್ರಗಳಲ್ಲಿ ಹಿಂದೆ ಯಾರೋ ಸಾಫ್ಟ್ ಎಂದು ಬರೆದಿದ್ದರು. ಸರ್ವರ್ ಮಂದವಾದಾಗ ವೈದ್ಯರ ಪರದೆ ಕಲ್ಲಿನಂತೆ ನಿಂತುಬಿಡುವುದೆಂದು ದೂರು ಬಂದಿದ್ದುದೇ ಅದಕ್ಕೆ ಕಾರಣ. ನಿಲ್ಲುವುದಕ್ಕಿಂತ ತಪ್ಪೆಂದು ಹೇಳಿ ಮುಂದಕ್ಕೆ ಹೋಗುವುದು ಮೇಲಲ್ಲವೆ ಎಂದು ಕೇಳಿದರೆ ಹೌದೆನಿಸುವುದು. ಆದರೆ ಬರೆಯುವ ಕೆಲಸದಲ್ಲಿ ಅದು ಮೇಲಲ್ಲ. ಪ್ರೋಗ್ರಾಮು ಬರೆದುದು ಮೊದಲು ಕ್ಲೈಂಟಿನ ನೆನಪಿನಲ್ಲಿ ನಿಂತು, ಅನಂತರ ಸರ್ವರ್‌ಗೆ ಹೋಗುವುದು. ಈ ನಡುವೆ ಕ್ಲೈಂಟ್ ಕೈಚೆಲ್ಲಿದರೆ ತಪ್ಪಿನ ಸುದ್ದಿ ತಡವಾಗಿ ಬರುವುದು. ತಡವಾಗಿ ಬಂದ ಸುದ್ದಿಯನ್ನು ಕೇಳಿಸಿಕೊಳ್ಳುವಷ್ಟು ಎಚ್ಚರದಿಂದ ಬರೆಯಲ್ಪಟ್ಟ ಪ್ರೋಗ್ರಾಮುಗಳು ಕಡಮೆ. ಚಿತ್ರ ಸೇರಿತೆಂದು ಅದು ನಂಬಿರುವುದು. ಉಗ್ರಾಣದಲ್ಲಿ ಅರ್ಧ ಚಿತ್ರ ಬಿದ್ದಿರುವುದು. ಆರು ತಿಂಗಳ ಮೇಲೆ ಯಾರೋ ವೈದ್ಯರು ಅದೇ ರೋಗಿಯ ಹಳೆಯ ಚಿತ್ರವನ್ನು ಹೊಸದರೊಡನೆ ಹೋಲಿಸಿನೋಡಲು ತೆರೆದ ದಿನ ಗುಟ್ಟು ಹೊರಬೀಳುವುದು. ಆಗ ಯಾರನ್ನು ಕೇಳುವುದು? ಬರಿಯ ಓದುವುದಕ್ಕೆಂದು ಮೌಂಟ್ ಮಾಡಿದ ಕಡೆ ಸಾಫ್ಟ್ ಇದ್ದರೂ ಅಷ್ಟೊಂದು ಹಾನಿಯಿಲ್ಲ. ಬರೆಯುವ ಕಡೆಯಲ್ಲೆಲ್ಲ ತರುಣನು ಅದನ್ನು ಅಳಿಸಿ ಹಾರ್ಡ್ ಎಂದು ಬರೆದನು. ಪರದೆ ನಿಂತರೆ ಬೈಗುಳ ಬರುವುದೆಂದು ಅವನಿಗೆ ಗೊತ್ತಿತ್ತು. ನಿಂತ ಪರದೆ ಸುಳ್ಳನ್ನು ಹೇಳುವುದಿಲ್ಲವೆಂಬುದೇ ಅವನಿಗಿದ್ದ ಸಮಾಧಾನ.

ಬಳಿಕ ಅವನು ಸರ್ವರ್‌ಗಳ ಕಡೆ ತಿರುಗಿದನು. ಕ್ಲೈಂಟುಗಳು ತಾಳ್ಮೆಯಿಂದ ಕಾಯುವುದೇನೋ ಸರಿ. ಆದರೆ ಯಾರಿಗಾಗಿ ಕಾಯಬೇಕು? ಮೊದಲನೆಯ ಸರ್ವರ್‌ನ ವಿಳಾಸವನ್ನೇ ಅವು ಹಿಡಿದು ಕುಳಿತಿದ್ದರೆ ಎರಡನೆಯದು ಎದ್ದು ಬಂದರೂ ಅದನ್ನು ಗುರುತಿಸಲಾರವು. ಇದಕ್ಕೆ ಭರತನು ಹಿಂದೆಯೇ ದಾರಿ ತೋರಿದ್ದಾನೆ. ಅಯೋಧ್ಯೆಯ ಪ್ರಜೆಗಳು ತಲೆಬಾಗಿದ್ದು ಭರತನಿಗಲ್ಲ, ಸಿಂಹಾಸನದ ಮೇಲಿದ್ದ ಪಾದುಕೆಗಳಿಗೆ. ಹಾಗೆಯೇ ಕ್ಲಸ್ಟರಿನಲ್ಲಿ ಎರಡು ಯಂತ್ರಗಳಿಗೂ ಸೇರದ ಮೂರನೆಯದೊಂದು ವಿಳಾಸವನ್ನು ಇಡುವರು. ಕ್ಲೈಂಟುಗಳು ಬಲ್ಲದ್ದು ಅದೊಂದನ್ನೇ. ಯಾವ ಯಂತ್ರ ಕೆಲಸದಲ್ಲಿದೆಯೋ ಅದು ಆ ವಿಳಾಸವನ್ನು ಹೊತ್ತಿರುವುದು. ಅದು ಬಿದ್ದಾಗ ಇನ್ನೊಂದು ಯಂತ್ರ ಅದೇ ವಿಳಾಸವನ್ನು ಎತ್ತಿಕೊಂಡು, ಈ ವಿಳಾಸ ಇನ್ನು ನನ್ನಲ್ಲಿದೆ ಎಂದು ನೆಟ್‌ವರ್ಕಿಗೆಲ್ಲ ಸಾರುವುದು. ಯಂತ್ರ ಬದಲಾಗುವುದು, ಪಾದುಕೆ ಬದಲಾಗದು.

ಪಾದುಕೆ ಒಂದೇ ಸಾಲದು; ಉಗ್ರಾಣದ ಗುರುತುಗಳೂ ಒಂದೇ ಆಗಿರಬೇಕು. ಎನ್‌ಎಫ್‌ಎಸ್ ಸರ್ವರ್ ಕ್ಲೈಂಟಿಗೆ ಪ್ರತಿಯೊಂದು ಕಡತಕ್ಕೂ ಒಂದೊಂದು ಗುರುತಿನ ಬಿಲ್ಲೆಯನ್ನು ಕೊಟ್ಟಿರುವುದು. ಅದಕ್ಕೆ ಫೈಲ್ ಹ್ಯಾಂಡಲ್ ಎಂದು ಹೆಸರು. ಕ್ಲೈಂಟ್ ಕಡತದ ಹೆಸರನ್ನು ಮತ್ತೆಮತ್ತೆ ಹೇಳುವುದಿಲ್ಲ. ಬಿಲ್ಲೆಯನ್ನು ತೋರಿಸಿ ಸಾಮಾನನ್ನು ಕೇಳುವುದು. ಬಿಲ್ಲೆಯ ಮೇಲೆ ಯಾವ ಕಣಜ, ಯಾವ ಸಾಲು ಎಂಬ ಸಂಖ್ಯೆಗಳಿರುವುವು. ಎರಡನೆಯ ಕಾವಲುಗಾರನು ಅದೇ ಕಣಜಕ್ಕೆ ಬೇರೆ ಸಂಖ್ಯೆ ಕೊಟ್ಟಿದ್ದರೆ, ಹಳೆಯ ಬಿಲ್ಲೆಯನ್ನು ನೋಡಿ ಇದು ಹಳಸಿದ್ದು, ನಡೆಯದು ಎಂದುಬಿಡುವನು. ಸಾಮಾನು ಕಣ್ಣೆದುರಿಗೇ ಇರುವುದು, ಕೊಡುವವನೂ ಇರುವನು, ಕೇಳುವವನೂ ಇರುವನು. ಆದರೂ ವ್ಯವಹಾರ ನಡೆಯದು. ಇದಕ್ಕೋಸ್ಕರ ಎರಡು ಸರ್ವರ್‌ಗಳಲ್ಲಿಯೂ ಆ ಉಗ್ರಾಣಕ್ಕೆ ಎಫ್‌ಎಸ್‌ಐಡಿ ಎಂಬ ಒಂದೇ ಸಂಖ್ಯೆಯನ್ನು ಕೈಯಾರೆ ಬರೆದಿಡಬೇಕು. ಯಾವ ಕ್ಲೈಂಟುಗಳು ಬಾಗಿಲಲ್ಲಿ ನಿಂತಿದ್ದುವೆಂಬ ಪಟ್ಟಿಯನ್ನೂ ಒಂದು ಸರ್ವರ್‌ನ ಹೊಟ್ಟೆಯಲ್ಲಿ ಇಡದೆ, ಎರಡೂ ತಲಪಬಲ್ಲ ಡಿಸ್ಕಿನಲ್ಲಿಯೇ ಇಡಬೇಕು. ಇಲ್ಲದಿದ್ದರೆ ಸತ್ತವನೊಡನೆ ಲೆಕ್ಕದ ಪುಸ್ತಕವೂ ಚಿತೆಯೇರಿದಂತಾಗುವುದು.

ಇನ್ನು ಕ್ರಮದ ವಿಚಾರ. ಮೊದಲು ಡಿಸ್ಕು, ಅನಂತರ ಅದರ ಮೇಲಿನ ಫೈಲ್ ಸಿಸ್ಟಮ್, ಬಳಿಕ ಎನ್‌ಎಫ್‌ಎಸ್ ಸೇವೆ, ಆಮೇಲೆ ಇಂಥ ಉಗ್ರಾಣವನ್ನು ಇಂಥವರಿಗೆ ತೆರೆದಿದೆಯೆಂಬ ಪ್ರಕಟಣೆ, ಎಲ್ಲಕ್ಕೂ ಕೊನೆಯಲ್ಲಿ ವಿಳಾಸ. ನಿಲ್ಲಿಸುವಾಗ ಇದೇ ಕ್ರಮ ಹಿಂದುಮುಂದಾಗಬೇಕು. ಎಲೆ ಹಾಕಿ ಬಡಿಸುವುದಕ್ಕೆ ಸಿದ್ಧವಾಗುವ ಮುಂಚೆ ಬಾಗಿಲು ತೆರೆದು ನೆಂಟರನ್ನು ಕೂಗಿದರೆ ಆಗುವ ಅವಮಾನವೇ ವಿಳಾಸವನ್ನು ಮುಂಚಿತವಾಗಿ ಎತ್ತಿಕೊಂಡರೆ ಆಗುವುದು. ಇನ್ನೊಂದು ಮಾತೂ ಉಂಟು. ಹಂಚಿಕೊಂಡ ಆ ಡಿಸ್ಕನ್ನು ಯಾವ ಸರ್ವರ್ ಕೂಡ ತಾನು ಏಳುವಾಗ ತಾನಾಗಿಯೇ ಮೌಂಟ್ ಮಾಡಿಕೊಳ್ಳತಕ್ಕದ್ದಲ್ಲ. ಸಾಮಾನ್ಯ ಯಂತ್ರಗಳಲ್ಲಿ ಎಫ್‌ಎಸ್‌ಟ್ಯಾಬ್ ಎಂಬ ಪಟ್ಟಿಯಲ್ಲಿ ಬರೆದುದೆಲ್ಲ ಯಂತ್ರ ಎದ್ದೊಡನೆ ಮೌಂಟ್ ಆಗುವುದು. ಕ್ಲಸ್ಟರಿನಲ್ಲಿ ಮಾತ್ರ ಆ ಡಿಸ್ಕಿನ ಹೆಸರು ಆ ಪಟ್ಟಿಯಲ್ಲಿ ಹಾಗೆ ಇರಕೂಡದು. ಪೇಸ್‌ಮೇಕರ್ ಮುಂತಾದ ಮೇಲ್ವಿಚಾರಕ ಪ್ರೋಗ್ರಾಮು ಅಪ್ಪಣೆ ಕೊಟ್ಟವನಿಗೆ ಮಾತ್ರ ಅದು ಸಲ್ಲಬೇಕು. ಇಷ್ಟೆಲ್ಲವನ್ನೂ ತರುಣನು ಒಂದೊಂದಾಗಿ ಮಾಡಿ ಮುಗಿಸಿದನು. ಆದರೂ ಅವನಿಗೆ ನಿದ್ರೆ ಬರಲಿಲ್ಲ. ಏಕೆಂದರೆ ಎಲ್ಲಕ್ಕೂ ಮೂಲವಾದ ಒಂದು ಪ್ರಶ್ನೆ ಹಾಗೆಯೇ ಉಳಿದಿತ್ತು: ಮೊದಲನೆಯದು ಸತ್ತಿದೆಯೆಂದು ಎರಡನೆಯದಕ್ಕೆ ತಿಳಿಯುವ ಬಗೆ ಹೇಗೆ?

ಎರಡು ಸರ್ವರ್‌ಗಳೂ ಒಂದಕ್ಕೊಂದು ಎಡೆಬಿಡದೆ ತಾನಿದ್ದೇನೆ, ತಾನಿದ್ದೇನೆ ಎಂದು ಹೇಳಿಕೊಳ್ಳುತ್ತಿರುವುವು. ಕೆಲವು ಸೆಕೆಂಡು ಆ ಮಾತು ಕೇಳಿಸದಿದ್ದರೆ ಸತ್ತಿದೆಯೆಂದು ಎಣಿಸುವುದು ವಾಡಿಕೆ. ಆದರೆ ಮೌನಕ್ಕೆ ಕಾರಣ ಸಾವೊಂದೇ ಅಲ್ಲ. ನಡುವಿನ ತಂತಿ ಕಡಿದಿರಬಹುದು. ಯಂತ್ರಕ್ಕೆ ಕೆಲಸ ಹೆಚ್ಚಿ ಉಸಿರು ಕಟ್ಟಿರಬಹುದು. ಡಿಸ್ಕಿನ ಉತ್ತರವನ್ನು ಕಾಯುತ್ತ ಅದು ಮರವಟ್ಟು ನಿಂತಿರಬಹುದು. ಎನ್‌ಎಫ್‌ಎಸ್ ಲೇಖನ ಪ್ರಕಟವಾದ 1985ರಲ್ಲಿಯೇ ಫಿಷರ್, ಲಿಂಚ್, ಪ್ಯಾಟರ್ಸನ್ ಎಂಬ ಮೂವರು ವಿದ್ವಾಂಸರು ಗಣಿತದಿಂದ ಒಂದು ಮಾತನ್ನು ಸಾಧಿಸಿ ತೋರಿಸಿದರು. ಸುದ್ದಿ ತಲಪಲು ಇಷ್ಟೇ ಹೊತ್ತು ಹಿಡಿಯುವುದೆಂಬ ಕಟ್ಟುಪಾಡಿಲ್ಲದ ಕಡೆ, ಒಂದೇ ಒಂದು ಯಂತ್ರ ನಿಂತುಹೋಗುವ ಸಂಭವವಿದ್ದರೂ ಸಾಕು, ಉಳಿದವು ತಪ್ಪದೆ ಒಂದು ತೀರ್ಮಾನಕ್ಕೆ ಬಂದೇ ಬರುವುವೆಂದು ಭರವಸೆ ಕೊಡಬಲ್ಲ ನಿಶ್ಚಿತ ವಿಧಾನವಿಲ್ಲ. ಈ ಸಾಧನೆಯ ಬೇರು ಬಹಳ ಸರಳವಾದುದು. ಮೌನವಾಗಿರುವವನು ಸತ್ತಿದ್ದಾನೆಯೋ ನಿಧಾನವಾಗಿದ್ದಾನೆಯೋ ಎಂಬುದನ್ನು ದೂರದಲ್ಲಿ ಕುಳಿತವನು ಅರಿಯಲಾರನು.

ತರುಣನ ಮನೆಯಲ್ಲಿ ತಾತನವರಿದ್ದರು. ಸರಕಾರದ ಕಚೇರಿಯೊಂದರಲ್ಲಿ ಬಹುಕಾಲ ದಫ್ತರಗಳನ್ನು ನೋಡಿಕೊಂಡಿದ್ದು ನಿವೃತ್ತರಾದವರು. ಮೊಮ್ಮಗನು ಊಟದ ಹೊತ್ತಿನಲ್ಲಿಯೂ ಚಿಂತೆಯಲ್ಲಿರುವುದನ್ನು ಕಂಡು ಒಂದು ಸಲ ಸಂಗತಿಯೇನೆಂದು ವಿಚಾರಿಸಿದರು. ಅವನು ತನಗೆ ತಿಳಿದಂತೆ ಬಿಡಿಸಿ ಹೇಳಿದನು. ಅವರು ಮಜ್ಜಿಗೆಯನ್ನು ಕುಡಿದು ಮುಗಿಸಿ, "ಮಗು, ಇದು ಕಿಷ್ಕಿಂಧೆಯ ಕಷ್ಟವಲ್ಲವೆ?" ಎಂದರು.

"ಹೇಗೆ ತಾತ?"

"ವಾಲಿ ರಾಕ್ಷಸನನ್ನು ಅಟ್ಟಿಕೊಂಡು ಬಿಲದೊಳಕ್ಕೆ ಹೋದ. ಸುಗ್ರೀವ ಬಾಗಿಲಲ್ಲಿ ನಿಂತ. ಒಂದು ವರ್ಷ ಕಾದನಪ್ಪ. ಅವನನ್ನು ಆತುರಗಾರ ಎನ್ನುವಂತಿಲ್ಲ. ಒಳಗಿಂದ ರಕ್ತ ಹರಿದು ಬಂತು, ರಾಕ್ಷಸರ ಕೂಗು ಕೇಳಿಸಿತು, ಅಣ್ಣನ ದನಿ ಕೇಳಿಸಲಿಲ್ಲ. ಅಣ್ಣ ಸತ್ತನೆಂದುಕೊಂಡು ಬಂಡೆ ಮುಚ್ಚಿ, ತರ್ಪಣ ಬಿಟ್ಟು, ಊರಿಗೆ ಬಂದ. ಮಂತ್ರಿಗಳು ಪಟ್ಟ ಕಟ್ಟಿದರು. ಅವನ ಮನಸ್ಸಿನಲ್ಲಿ ಮೋಸವೇನಿತ್ತು? ಆದರೂ ವಾಲಿ ಬಂಡೆ ಒದೆದು ಬಂದಾಗ ಒಂದು ಪಟ್ಟಕ್ಕೆ ಇಬ್ಬರಾದರು. ಆಮೇಲಿನದು ನಿನಗೆ ಗೊತ್ತೇ ಇದೆ."

"ಹಾಗಾದರೆ ಸುಗ್ರೀವ ಏನು ಮಾಡಬೇಕಾಗಿತ್ತು, ತಾತ?"

"ಪಟ್ಟಕ್ಕೆ ಕೂರುವುದಕ್ಕೆ ಮುಂಚೆ ಒಳಗೆ ಹೋಗಿ ನೋಡಬೇಕಾಗಿತ್ತು" ಎಂದು ಹೇಳಿ ಅವರು ಕೈತೊಳೆಯಲು ಎದ್ದರು.

ಒಳಗೆ ಹೋಗಿ ನೋಡುವ ಉಪಾಯ ಕ್ಲಸ್ಟರಿನಲ್ಲಿ ಉಂಟು. ಆದರೆ ಅದು ನಿಷ್ಠುರವಾದ ಉಪಾಯ. ಇಂಗ್ಲಿಷಿನಲ್ಲಿ ಅದಕ್ಕೆ ಬೇಲಿ ಹಾಕುವುದು ಎಂಬ ಅರ್ಥದ ಫೆನ್ಸಿಂಗ್ ಎಂಬ ಹೆಸರಿದೆ. ಸ್ಟೊನಿತ್ ಎಂಬ ಇನ್ನೊಂದು ಹೆಸರೂ ಇದೆ. ಅದರ ಅಕ್ಷರಗಳನ್ನು ಬಿಡಿಸಿದರೆ, ಮತ್ತೊಂದು ಯಂತ್ರದ ತಲೆಗೆ ಗುಂಡು ಹೊಡೆ ಎಂದು ಅರ್ಥ ಬರುವುದು. ಹೆಸರು ಒರಟು, ಕೆಲಸ ವಿವೇಕದ್ದು. ಇನ್ನೊಂದು ಯಂತ್ರ ಬದುಕಿದೆಯೋ ಇಲ್ಲವೋ ಎಂದು ಊಹಿಸುವುದನ್ನು ಬಿಟ್ಟು, ಅದಕ್ಕೆ ಬರುವ ವಿದ್ಯುಚ್ಛಕ್ತಿಯನ್ನೇ ಕಡಿದುಹಾಕಬೇಕು. ಕಡಿದೆನೆಂದು ವಿದ್ಯುತ್ತಿನ ಸ್ವಿಚ್ಚು ಉತ್ತರ ಕೊಟ್ಟ ಮೇಲೆಯೇ ಡಿಸ್ಕಿಗೆ ಕೈ ಹಾಕಬೇಕು. ಆ ಸ್ವಿಚ್ಚು ಸರ್ವರ್‌ಗಿಂತ ಬೇರೆಯಾದುದರಿಂದ, ಸರ್ವರ್ ಮರವಟ್ಟು ನಿಂತಿದ್ದರೂ ಅದು ಮಾತನ್ನು ಕೇಳುವುದು. ಆಗ ಸಂದೇಹಕ್ಕೆ ಎಡೆಯಿಲ್ಲ. ಸತ್ತಿರಬಹುದು ಎಂಬುದು ಸತ್ತಿದೆ ಎಂದಾಗುವುದು. ಉತ್ತರ ಬಾರದಿದ್ದರೆ? ಆಗ ಎರಡನೆಯ ಸರ್ವರ್ ಪಟ್ಟಕ್ಕೆ ಕೂರದೆ ಸುಮ್ಮನಿರಬೇಕು. ಆಸ್ಪತ್ರೆ ಕಾದರೂ ಕಾಯಲಿ, ಉಗ್ರಾಣಕ್ಕೆ ಇಬ್ಬರು ನುಗ್ಗಬಾರದು.

ಯಾರು ಯಾರನ್ನು ಕಡಿಯಬೇಕೆಂಬುದೂ ನಿರ್ಣಯವಾಗಬೇಕಷ್ಟೆ. ಇಬ್ಬರೇ ಇದ್ದು ನಡುವಿನ ತಂತಿ ಕಡಿದರೆ ಇಬ್ಬರೂ ತಾವೇ ಉಳಿದವರೆಂದು ಬಗೆದು ಒಬ್ಬರನ್ನೊಬ್ಬರು ಕೊಂದುಕೊಳ್ಳುವ ಸಂಭವವುಂಟು. ಇದಕ್ಕಾಗಿ ಮೂರನೆಯದೊಂದು ಸಣ್ಣ ಯಂತ್ರವನ್ನು ಸಾಕ್ಷಿಯಾಗಿ ಇಡುವರು. ಅದು ಕಡತಗಳನ್ನು ಮುಟ್ಟುವುದಿಲ್ಲ. ಅದಕ್ಕೆ ಇರುವುದು ಒಂದು ಮತ ಮಾತ್ರ. ಮೂರರಲ್ಲಿ ಎರಡು ಮತ ಯಾರಿಗೆ ದೊರೆಯುವುದೋ ಅವರಿಗೆ ಅಧಿಕಾರ. ನ್ಯಾಯಪಂಚಾಯಿತಿಗೆ ಬೆಸಸಂಖ್ಯೆಯಲ್ಲಿ ಜನರನ್ನು ಕೂರಿಸುತ್ತಿದ್ದ ಹಿರಿಯರಿಗೆ ಇದು ಹೊಸ ಮಾತೇನೂ ಅಲ್ಲ.

ತರುಣನು ಸ್ವಿಚ್ಚನ್ನೂ ಸಾಕ್ಷಿಯಂತ್ರವನ್ನೂ ಬೇಡಿದಾಗ ಮೇಲಿನವರು ಒಪ್ಪಲಿಲ್ಲ. ಎರಡನೆಯ ಸರ್ವರ್ ಕೊಂಡದ್ದೇ ಕೆಲಸ ನಿಲ್ಲಬಾರದೆಂದು. ಈಗ ಮೊದಲನೆಯದನ್ನು ಕೊಲ್ಲುವುದಕ್ಕೆ ಬೇರೆ ಹಣ ಕೊಡಬೇಕೆ ಎಂದು ಅವರು ನಕ್ಕರು. ಫೆನ್ಸಿಂಗ್ ಇಲ್ಲದೆಯೂ ಪರೀಕ್ಷೆಗಳೆಲ್ಲ ಸರಿಯಾಗಿಯೇ ನಡೆದಿದ್ದುವಲ್ಲ ಎಂದರು. ಆ ಮಾತು ನಿಜವೇ. ಯಂತ್ರವನ್ನು ಆರಿಸಿ ಪರೀಕ್ಷೆ ಮಾಡಿದರೆ ಯಾವಾಗಲೂ ಸರಿಯಾಗಿಯೇ ನಡೆಯುವುದು. ಏಕೆಂದರೆ ಆರಿಸಿದ ಯಂತ್ರ ನಿಜವಾಗಿ ಸತ್ತಿರುವುದು. ಅರೆಜೀವವಾಗಿ ನಿಂತ ಯಂತ್ರವನ್ನು ಪರೀಕ್ಷೆಯಲ್ಲಿ ತಂದು ತೋರಿಸುವುದು ಸುಲಭವಲ್ಲ. ಅವನು ವಾದವನ್ನು ಬೆಳೆಸದೆ, ಬೇರೆಡೆ ನಡೆದ ಒಂದು ಸಂಗತಿಯನ್ನು ಒಂದು ಹಾಳೆಯಲ್ಲಿ ಬರೆದು ಅವರ ಮುಂದಿಟ್ಟನು.

ಆ ಸಂಗತಿ ಲೋಕಕ್ಕೆಲ್ಲ ತಿಳಿದುದೇ. ಪ್ರೋಗ್ರಾಮುಗಳನ್ನು ಬರೆಯುವವರು ತಮ್ಮ ಬರವಣಿಗೆಯನ್ನು ಕೂಡಿಡುವ ಗಿಟ್‌ಹಬ್ ಎಂಬ ಪ್ರಸಿದ್ಧವಾದ ಭಂಡಾರವೊಂದುಂಟು. 2018ನೆಯ ಅಕ್ಟೋಬರ್ 21ರಂದು, ಕೆಟ್ಟುಹೋಗುತ್ತಿದ್ದ ಒಂದು ಉಪಕರಣವನ್ನು ಬದಲಾಯಿಸುವಾಗ, ಅಮೆರಿಕದ ಪೂರ್ವ ಕರಾವಳಿಯಲ್ಲಿ ಅವರ ಮುಖ್ಯ ಯಂತ್ರಾಗಾರಕ್ಕೂ ನೆಟ್‌ವರ್ಕಿನ ಕೇಂದ್ರಕ್ಕೂ ನಡುವೆ ಸಂಪರ್ಕ ಕಡಿದುಹೋಯಿತು. ಕಡಿದಿದ್ದುದು 43 ಸೆಕೆಂಡು ಮಾತ್ರ. ಅಲ್ಲಿ ಇದ್ದುದು ಎನ್‌ಎಫ್‌ಎಸ್ ಅಲ್ಲ, ಡೇಟಾಬೇಸು. ಆದರೆ ತತ್ತ್ವ ಒಂದೇ. ಆ ಅಲ್ಪಕಾಲದಲ್ಲಿ ಮೇಲ್ವಿಚಾರಕ ಪ್ರೋಗ್ರಾಮು ಪೂರ್ವದವನು ಕಾಣೆಯಾದನೆಂದು ಬಗೆದು ಪಶ್ಚಿಮ ಕರಾವಳಿಯ ಯಂತ್ರಗಳಿಗೆ ಪಟ್ಟ ಕಟ್ಟಿತು. ಪೂರ್ವದವನು ಸತ್ತಿರಲಿಲ್ಲ. ಪಶ್ಚಿಮಕ್ಕೆ ತಲಪದ ಕೆಲವು ಬರಹಗಳು ಪೂರ್ವದಲ್ಲಿ ಉಳಿದುವು. ಪೂರ್ವಕ್ಕೆ ತಿಳಿಯದ ಬರಹಗಳು ಪಶ್ಚಿಮದಲ್ಲಿ ಸೇರತೊಡಗಿದುವು. ಬಹಳ ಕೆಲಸವಿದ್ದ ಒಂದು ಕ್ಲಸ್ಟರಿನಲ್ಲಿ ಹೀಗೆ ಪೂರ್ವದಲ್ಲಿ ಸಿಕ್ಕಿಬಿದ್ದ ಬರಹಗಳು 954. ಭಂಡಾರದ ಕೆಲಸ ಮೊದಲಿನಂತಾಗುವುದಕ್ಕೆ 24 ಗಂಟೆ 11 ನಿಮಿಷ ಹಿಡಿಯಿತು. ಬೇಗ ಬಾಗಿಲು ತೆರೆಯುವುದಕ್ಕಿಂತ ಜನರ ಬರಹಗಳನ್ನು ಕೆಡದಂತೆ ಕಾಯುವುದೇ ಮುಖ್ಯವೆಂದು ಅಲ್ಲಿಯವರು ತೀರ್ಮಾನಿಸಿದ್ದರಿಂದಲೇ ಅಷ್ಟು ಹೊತ್ತು ಹಿಡಿಯಿತು. ಆ ತೀರ್ಮಾನವನ್ನೂ ನಡೆದುದೆಲ್ಲವನ್ನೂ ಅವರೇ ಬರೆದು ಪ್ರಕಟಿಸಿದರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬುದು ಸುಳ್ಳಲ್ಲ.

ಹಾಳೆಯನ್ನು ಓದಿದ ಮೇಲೆ ಮೇಲಿನವರು ನಗಲಿಲ್ಲ. ಸ್ವಿಚ್ಚು ಬಂದಿತು, ಸಾಕ್ಷಿಯಂತ್ರವೂ ಬಂದಿತು.

ಕೆಲವು ತಿಂಗಳು ಕಳೆದ ಬಳಿಕ ಒಂದು ರಾತ್ರಿ, ಎರಡು ಗಂಟೆಯ ಮೇಲೆ, ಮೊದಲನೆಯ ಸರ್ವರ್ ಮೌನವಾಯಿತು. ತರುಣನ ಫೋನು ಕೂಗಿತು. ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಇಂಥ ಕರೆಗೆ ನಡುರಾತ್ರಿ ಏಳುವ ಮಕ್ಕಳಿದ್ದಾರೆ. ಅವರ ತಾಯಂದಿರು ದೀಪ ಹೊತ್ತಿದ್ದನ್ನು ಕಂಡು, ಕಾಫಿ ಮಾಡಲೇ ಎಂದು ಕೇಳಿ, ಉತ್ತರ ಬಾರದಿದ್ದರೂ ಮಾಡಿಕೊಡುವುದನ್ನು ಅಭ್ಯಾಸ ಮಾಡಿಕೊಂಡಿದ್ದಾರೆ. ಅವನು ಎದ್ದು ಕುಳಿತು ಪರದೆಯನ್ನು ನೋಡುವಷ್ಟರಲ್ಲಿ ಕೆಲಸವೆಲ್ಲ ಮುಗಿದಿತ್ತು. ಅವನು ಮಾಡಬೇಕಾದುದೇನೂ ಉಳಿದಿರಲಿಲ್ಲ. ಯಂತ್ರಗಳ ದಿನಚರಿಯನ್ನು ಓದುವುದೊಂದೇ ಉಳಿದಿತ್ತು.

ಅದರಲ್ಲಿ ನಡೆದುದೆಲ್ಲ ಸಾಲಾಗಿ ಬರೆದಿತ್ತು. ಮೊದಲನೆಯದು ಸತ್ತಿರಲಿಲ್ಲ. ಡಿಸ್ಕಿಗೆ ಕಳುಹಿಸಬೇಕಾಗಿದ್ದ ಬರಹಗಳನ್ನು ಹೊಟ್ಟೆಯಲ್ಲಿಟ್ಟುಕೊಂಡು ಮರವಟ್ಟು ನಿಂತಿತ್ತು. ಎರಡನೆಯದು ಗೊತ್ತಾದಷ್ಟು ಹೊತ್ತು ಕಾದು, ಸಾಕ್ಷಿಯನ್ನು ಕೇಳಿ, ಎರಡು ಮತ ಪಡೆದು, ಮೊದಲನೆಯದರ ವಿದ್ಯುತ್ತನ್ನು ಕಡಿಯಲು ಹೇಳಿತ್ತು. ಕಡಿದೆನೆಂದು ಉತ್ತರ ಬಂದ ಮೇಲೆ ಡಿಸ್ಕನ್ನು ಹಿಡಿದು, ಫೈಲ್ ಸಿಸ್ಟಮನ್ನು ಮೌಂಟ್ ಮಾಡಿ, ಸೇವೆಯನ್ನು ಎಬ್ಬಿಸಿ, ಉಗ್ರಾಣವನ್ನು ಪ್ರಕಟಿಸಿ, ಕೊನೆಯಲ್ಲಿ ವಿಳಾಸವನ್ನು ಎತ್ತಿಕೊಂಡಿತ್ತು. ಅನಂತರವೂ ಅದು ಆತುರಪಟ್ಟಿರಲಿಲ್ಲ. ಲಿನಕ್ಸಿನ ಸಾಮಾನ್ಯ ನಿಯಮದಂತೆ 90 ಸೆಕೆಂಡಿನ ಒಂದು ಗಡುವನ್ನು ಇಟ್ಟು, ಹಿಂದೆ ಬೀಗ ಹಾಕಿಕೊಂಡಿದ್ದವರು ಮೊದಲು ಬಂದು ತಮ್ಮ ಹಕ್ಕನ್ನು ಹೇಳಿಕೊಳ್ಳಲಿ ಎಂದು ಕಾದು, ಆಮೇಲೆಯೇ ಹೊಸಬರಿಗೆ ಬೀಗ ಕೊಟ್ಟಿತ್ತು. ಕ್ಲೈಂಟುಗಳ ದಿನಚರಿಯಲ್ಲಿ ಎರಡೇ ಸಾಲು: ಸರ್ವರ್ ಉತ್ತರ ಕೊಡುತ್ತಿಲ್ಲ, ಇನ್ನೂ ಪ್ರಯತ್ನ ನಡೆದಿದೆ, ಸರ್ವರ್ ಸರಿಯಾಯಿತು.

ಫೆನ್ಸಿಂಗ್ ಇಲ್ಲದಿದ್ದರೆ ಆ ರಾತ್ರಿ ಏನಾಗುತ್ತಿತ್ತೆಂಬುದನ್ನು ಊಹಿಸುವುದು ಕಷ್ಟವಲ್ಲ. ಎರಡನೆಯದು ಡಿಸ್ಕಿನಲ್ಲಿ ಬರೆಯತೊಡಗಿದ ಮೇಲೆ ಮೊದಲನೆಯದು ಮೈಮುರಿದೆದ್ದು, ತಾನಿನ್ನೂ ಯಜಮಾನನೆಂದೇ ನಂಬಿ, ಹೊಟ್ಟೆಯಲ್ಲಿದ್ದುದನ್ನೆಲ್ಲ ಅದೇ ಡಿಸ್ಕಿನಲ್ಲಿ ಕಾರುತ್ತಿತ್ತು. ಒಬ್ಬ ಯಜಮಾನನಿಗೆಂದೇ ರಚಿತವಾದ ಫೈಲ್ ಸಿಸ್ಟಮ್ ಇಬ್ಬರ ಬರಹವನ್ನು ತಾಳಲಾರದು. ಒಂದು ಚಿತ್ರ ಇನ್ನೊಂದರ ಮೇಲೆ ಬೀಳುವುದು. ಒಬ್ಬ ರೋಗಿಯ ಎದೆಗೂಡು ಇನ್ನೊಬ್ಬನ ಹೆಸರಿನ ಕೆಳಗೆ ಸೇರಿದರೂ ಕೇಳುವವರಿಲ್ಲ. ಹಾಗಾಗಲಿಲ್ಲ. ರಾತ್ರಿಯ ಪಾಳಿಯಲ್ಲಿದ್ದ ವೈದ್ಯರೊಬ್ಬರ ಪರದೆ ಮೂರು ನಿಮಿಷಕ್ಕಿಂತ ಕಡಮೆ ಹೊತ್ತು ಅಲುಗದೆ ನಿಂತಿತ್ತು. ಅವರು ಆ ನಡುವೆ ಎದ್ದು ಹೋಗಿ ನೀರು ಕುಡಿದು ಬಂದರು. ಬರುವ ಹೊತ್ತಿಗೆ ಚಿತ್ರ ಪೂರ್ತಿಯಾಗಿ ಎದುರಿಗಿತ್ತು.

ಬೆಳಗ್ಗೆ ಮೊದಲನೆಯ ಸರ್ವರ್‌ಗೆ ವಿದ್ಯುತ್ತನ್ನು ಕೊಟ್ಟು ಎಬ್ಬಿಸಿದರು. ಅದು ಎದ್ದು, ಪಟ್ಟ ಬೇರೆಯವರಲ್ಲಿರುವುದನ್ನು ಕಂಡು, ಯಾವ ತಕರಾರನ್ನೂ ಹೂಡದೆ, ಎರಡನೆಯದಾಗಿ ನಿಂತು, ತಾನಿದ್ದೇನೆ ಎಂದು ಹೇಳತೊಡಗಿತು. ತಿರುಗಿ ಬಂದವನು ಹಳೆಯ ಪಟ್ಟವನ್ನು ಕಿತ್ತುಕೊಳ್ಳಬಾರದೆಂದು ತರುಣನು ಮುಂಚಿತವಾಗಿಯೇ ನಿಯಮ ಮಾಡಿಟ್ಟಿದ್ದನು. ಕಾರಣವಿಲ್ಲದೆ ಅಧಿಕಾರ ಕೈಬದಲಾದಷ್ಟೂ ಕ್ಲೈಂಟುಗಳಿಗೆ ತೊಂದರೆ. ಕಿಷ್ಕಿಂಧೆಗೆ ಹಿಂದಿರುಗಿದ ವಾಲಿಯಿಂದ ಇಷ್ಟನ್ನು ನಿರೀಕ್ಷಿಸುವಂತಿರಲಿಲ್ಲ.

ಆಸ್ಪತ್ರೆಯಲ್ಲಿ ಯಾರಿಗೂ ಏನೂ ತಿಳಿಯಲಿಲ್ಲ. ಮೆಚ್ಚಿಕೆಯ ಮಾತೊಂದೂ ಬರಲಿಲ್ಲ. ಉಗ್ರಾಣ ಸರಿಯಾಗಿ ನಡೆಯುವ ಮನೆಯಲ್ಲಿ ಬೀಗದ ಕೈಯ ವಿಚಾರವನ್ನು ಯಾರೂ ಆಡುವುದಿಲ್ಲ. ಊಟ ಮಾಡಿ ಏಳುವರು, ಅಷ್ಟೆ. ತರುಣನು ಅಂದು ಸಂಜೆ ತಾತನವರಿಗೆ ಸಂಗತಿಯನ್ನು ಹೇಳಿದನು. ಅವರು ಕೇಳಿ, "ಒಳಗೆ ಹೋಗಿ ನೋಡಿದ ಅನ್ನು" ಎಂದರು. ಈಗಲೂ ಅವನು ಮೂರು ತಿಂಗಳಿಗೊಮ್ಮೆ, ಆಸ್ಪತ್ರೆಯಲ್ಲಿ ಕೆಲಸ ಕಡಮೆಯಿರುವ ಹೊತ್ತನ್ನು ನೋಡಿ, ಮುಂಚಿತವಾಗಿ ಎಲ್ಲರಿಗೂ ತಿಳಿಸಿ, ನಡೆಯುತ್ತಿರುವ ಸರ್ವರ್‌ನ ನೆಟ್‌ವರ್ಕ್ ತಂತಿಯನ್ನು ಕೈಯಾರೆ ಕಿತ್ತು ಗಡಿಯಾರವನ್ನು ನೋಡುತ್ತ ನಿಲ್ಲುವನು. ಸ್ವಿಚ್ಚು ಉತ್ತರ ಕೊಡುವ ತನಕ ಇನ್ನೊಂದು ಸರ್ವರ್ ಡಿಸ್ಕಿಗೆ ಕೈ ಹಾಕಲಿಲ್ಲವೆಂಬುದನ್ನು ದಿನಚರಿಯಲ್ಲಿ ಓದಿ ನೋಡಿದ ಬಳಿಕವೇ ತಂತಿಯನ್ನು ಮತ್ತೆ ಸಿಕ್ಕಿಸಿ ಮನೆಗೆ ಹೋಗುವನು.